ಕಾಡಿನ ಸೌದೆ, ಕಡಲ ದಾರಿಯ ಅನಿಲ

ಕೊಳ್ಳೇಗಾಲದಿಂದ ಮಲೆಮಹದೇಶ್ವರ ಬೆಟ್ಟಕ್ಕೆ ಹೋಗುವ ರಸ್ತೆಯಲ್ಲಿ ಹನೂರು ದಾಟಿದ ಮೇಲೆ ಸಿಗುವ ದೊಡ್ಡ ಊರು ಕೌದಳ್ಳಿ. ಶಿವರಾತ್ರಿ, ದೀಪಾವಳಿಯ ದಿನಗಳಲ್ಲಿ ಬೆಟ್ಟಕ್ಕೆ ನಡೆದುಕೊಂಡು ಹೋಗುವ ಭಕ್ತರು ಈ ಊರನ್ನು ಹಾದೇ ಹೋಗಬೇಕು. ಊರಿನ ಸುತ್ತ ರಾಗಿ, ಮುಸುಕಿನ ಜೋಳದ ಹೊಲಗಳು. ಹೊಲಗಳ ಆಚೆಗೆ ಕಾಡು. ಈ ಕಾಡಿಗೂ ಊರಿನ ಒಲೆಗೂ ಇರುವ ಸಂಬಂಧ ಬಹಳ ಹಳೆಯದು. ತಲೆಯ ಮೇಲೆ ಸಿಂಬಿ, ಅದರ ಮೇಲೆ ಸೌದೆಯ ಹೊರೆ ಹೊತ್ತು ಸಂಜೆಯ ವೇಳೆಗೆ ಸಾಲಾಗಿ ಬರುವ ಹೆಂಗಸರನ್ನು ಈ ರಸ್ತೆಯಲ್ಲಿ ಸಂಚರಿಸಿದವರೆಲ್ಲ ಕಂಡಿರುತ್ತಾರೆ.

ಇಂಧನದ ಇತಿಹಾಸವನ್ನು ನಾವು ಸಾಮಾನ್ಯವಾಗಿ ಉಗಿಯಂತ್ರದಿಂದಲೋ, ಪೆಟ್ರೋಲಿಯಂ ಬಾವಿಯಿಂದಲೋ ಆರಂಭಿಸುತ್ತೇವೆ. ಆದರೆ ನಮ್ಮ ದೇಶದ ಬಹುಪಾಲು ಮನೆಗಳ ಇಂಧನ ಚರಿತ್ರೆ ಆರಂಭವಾಗುವುದು ಹೆಂಗಸರ ತಲೆಹೊರೆಯಿಂದ. ದ್ರವೀಕೃತ ನೈಸರ್ಗಿಕ ಅನಿಲ, ಅಂದರೆ ಎಲ್.ಎನ್.ಜಿ. ಎಂಬ ಆಧುನಿಕ ಇಂಧನವನ್ನು ಕುರಿತ ಈ ಲೇಖನವನ್ನು ಕೌದಳ್ಳಿಯಿಂದ ಆರಂಭಿಸಿರುವುದಕ್ಕೆ ಇದೇ ಕಾರಣ. ವಿದ್ಯಾರ್ಥಿಗಳು ಒಂದು ಭೂಪಟವನ್ನು ಮುಂದಿಟ್ಟುಕೊಂಡು ಓದಿದರೆ ಒಳ್ಳೆಯದು.

1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಕೊಳ್ಳೇಗಾಲ ಸೀಮೆ ಬ್ರಿಟಿಷರ ಪಾಲಾಯಿತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೂ ಅದು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯ ಒಂದು ತಾಲ್ಲೂಕಾಗಿತ್ತು. ಆದ್ದರಿಂದ ಇಲ್ಲಿನ ಕಾಡುಗಳಿಗೆ ಅನ್ವಯವಾದದ್ದು ಮೈಸೂರಿನ ಕಾನೂನಲ್ಲ, 1882ರ ಮದರಾಸು ಅರಣ್ಯ ಕಾಯಿದೆ. ಕಾಡಿನ ಭಾಗಗಳು ಒಂದೊಂದಾಗಿ ‘ಮೀಸಲು ಅರಣ್ಯ’ಗಳಾದವು. ಅದುವರೆಗೆ ಊರಿನವರ ರೂಢಿಯ ಹಕ್ಕಾಗಿದ್ದ ಸೌದೆ, ಸೊಪ್ಪು, ಮೇವು ಅಲ್ಲಿಂದ ಮುಂದೆ ಪರವಾನಗಿಯ, ಇಲ್ಲವೇ ದಂಡದ ವಿಷಯವಾಯಿತು. ಕಾಡು ಸರ್ಕಾರದ್ದಾಯಿತು, ಒಲೆ ಮಾತ್ರ ಊರಿನವರದಾಗಿಯೇ ಉಳಿಯಿತು.

ಇದೇ ಸೀಮೆಯ ಅಂಚಿನಲ್ಲಿ ಕಾವೇರಿ ಎರಡು ಕವಲಾಗಿ ಧುಮುಕುತ್ತದೆ. ಗಗನಚುಕ್ಕಿಯ ಬದಿಯಲ್ಲಿ, ಮೈಸೂರು ಸಂಸ್ಥಾನದ ನೆಲದಲ್ಲಿ, ಶಿವನಸಮುದ್ರದ ವಿದ್ಯುದಾಗಾರ ನಿರ್ಮಾಣವಾಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಈ ಯೋಜನೆ 1902ರ ಜೂನ್ 30ರಂದು ಕಾರ್ಯಾರಂಭ ಮಾಡಿತು. ಅಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. ಹೊಳೆಯ ಈಚೆ ದಡದ ಕೊಳ್ಳೇಗಾಲದ ಹಳ್ಳಿಗಳಲ್ಲಿ ಮಾತ್ರ ಹರಳೆಣ್ಣೆಯ ಹಣತೆ, ಆಮೇಲೆ ಸೀಮೆಎಣ್ಣೆಯ ಬುಡ್ಡಿ ಬಹುಕಾಲ ಮುಂದುವರಿದವು. ಶಕ್ತಿ ಹುಟ್ಟುವ ಜಾಗಕ್ಕೆ ಹತ್ತಿರವಿದ್ದ ಮಾತ್ರಕ್ಕೆ ಅದು ನಮ್ಮ ಮನೆಗೆ ಬರುವುದಿಲ್ಲ, ಹಣವೂ ಅಧಿಕಾರವೂ ಇರುವ ಕಡೆಗೆ ಹರಿಯುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಈ ಮಾತನ್ನು ನೆನಪಿಟ್ಟುಕೊಂಡರೆ ಅನಿಲದ ಕಥೆಯೂ ಸುಲಭವಾಗಿ ಅರ್ಥವಾಗುತ್ತದೆ.

ಸೀಮೆಎಣ್ಣೆ ಎಂಬ ಹೆಸರೇ ಒಂದು ಇತಿಹಾಸ ಪಾಠ. ಸೀಮೆಸುಣ್ಣದಂತೆ ಇದೂ ಪರಸೀಮೆಯಿಂದ ಬಂದದ್ದು ಎಂದು ನಮ್ಮ ಹಿರಿಯರು ಹೆಸರಿನಲ್ಲೇ ಗುರುತು ಮಾಡಿಟ್ಟರು. ಇಂದು ಸಾವಿರಾರು ಮೈಲಿ ದೂರದಿಂದ ಬರುವ ಅನಿಲಕ್ಕೆ ‘ಸೀಮೆ ಅನಿಲ’ ಎಂದು ಯಾರೂ ಹೆಸರಿಟ್ಟಿಲ್ಲ. ಇಟ್ಟಿದ್ದರೆ ಅದರ ಮೂಲ ನಮಗೆ ಮರೆಯುತ್ತಿರಲಿಲ್ಲ.

ಇಲ್ಲಿ ವಿದ್ಯಾರ್ಥಿಗಳು ಪದೇ ಪದೇ ಮಾಡುವ ಒಂದು ತಪ್ಪನ್ನು ತಿದ್ದಬೇಕು. ಮನೆಗೆ ಸಿಲಿಂಡರಿನಲ್ಲಿ ಬರುವ ಅನಿಲ ಎಲ್.ಪಿ.ಜಿ., ಅಂದರೆ ದ್ರವೀಕೃತ ಪೆಟ್ರೋಲಿಯಂ ಅನಿಲ. ಅದರಲ್ಲಿರುವುದು ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯೂಟೇನ್. ಸಾಧಾರಣ ಉಷ್ಣತೆಯಲ್ಲಿಯೇ ಒತ್ತಡ ಹಾಕಿದರೆ ಇವು ದ್ರವವಾಗುತ್ತವೆ. ಆದ್ದರಿಂದಲೇ 14.2 ಕಿಲೋಗ್ರಾಂ ಅನಿಲವನ್ನು ಒಂದು ಉಕ್ಕಿನ ಸಿಲಿಂಡರಿನಲ್ಲಿ ತುಂಬಿ ಲಾರಿಯಲ್ಲಿ ಹಳ್ಳಿಗೆ ತರಬಹುದು. ನೈಸರ್ಗಿಕ ಅನಿಲದ ಸ್ವಭಾವ ಬೇರೆ. ಅದು ಬಹುಪಾಲು ಮೀಥೇನ್. ಮೀಥೇನನ್ನು ಸಾಧಾರಣ ಉಷ್ಣತೆಯಲ್ಲಿ ಎಷ್ಟು ಒತ್ತಿದರೂ ದ್ರವವಾಗುವುದಿಲ್ಲ. ಮೊದಲು ಸೊನ್ನೆಗಿಂತ ಕೆಳಗೆ ಸುಮಾರು 82 ಡಿಗ್ರಿ ಸೆಂಟಿಗ್ರೇಡ್‌ವರೆಗಾದರೂ ತಣಿಸಬೇಕು. ವಾತಾವರಣದ ಸಾಧಾರಣ ಒತ್ತಡದಲ್ಲಿ ಇಡಬೇಕಾದರೆ ಸೊನ್ನೆಗಿಂತ ಕೆಳಗೆ 162 ಡಿಗ್ರಿಗೆ ಇಳಿಸಬೇಕು. ಆಗ ಅದು ನೀರಿನಂತೆ ತಿಳಿಯಾದ, ನೀರಿಗಿಂತ ಅರ್ಧದಷ್ಟೂ ತೂಗದ ದ್ರವವಾಗುತ್ತದೆ. ಅದರ ಗಾತ್ರ ಸುಮಾರು 600ರಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ. ಎಲ್.ಎನ್.ಜಿ.ಯ ಸಮಸ್ತ ಅರ್ಥಶಾಸ್ತ್ರವೂ ಈ 600 ಎಂಬ ಅಂಕಿಯಲ್ಲಿ ಅಡಗಿದೆ. ಹೀಗೆ ಕುಗ್ಗಿಸದಿದ್ದರೆ ಅನಿಲವನ್ನು ಹಡಗಿನಲ್ಲಿ ತುಂಬಿ ಸಾಗಿಸುವುದು ಗಾಳಿಯನ್ನು ಮೂಟೆ ಕಟ್ಟಿದಂತೆಯೇ ಸರಿ.

1877ರಲ್ಲಿ ಫ್ರಾನ್ಸಿನ ಕೈಯೆತೆ ಪ್ರಯೋಗಾಲಯದಲ್ಲಿ ಮೀಥೇನನ್ನು ದ್ರವವಾಗಿಸಿದ. ಆದರೆ ಪ್ರಯೋಗಾಲಯದಿಂದ ಹಡಗಿನವರೆಗಿನ ದಾರಿ ಎಂಬತ್ತು ವರ್ಷಗಳಿಗಿಂತ ಉದ್ದವಾಗಿತ್ತು. ನಡುವೆ ಒಂದು ಘೋರ ದುರಂತವೂ ನಡೆಯಿತು. ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ 1944ರ ಅಕ್ಟೋಬರ್ 20ರಂದು ದ್ರವ ಅನಿಲದ ತೊಟ್ಟಿಯೊಂದು ಒಡೆದು, ಅನಿಲ ಚರಂಡಿಗಳಿಗೆ ಹರಿದು ಹೊತ್ತಿಕೊಂಡಿತು. ಸತ್ತವರ ಸಂಖ್ಯೆ ನೂರನ್ನು ಮೀರಿತು. ಯುದ್ಧಕಾಲದಲ್ಲಿ ನಿಕಲ್ ಲೋಹದ ಅಭಾವವಿತ್ತು. ಆ ತೊಟ್ಟಿಯ ಉಕ್ಕಿನಲ್ಲಿ ನಿಕಲ್ ಅಂಶ ಶೇಕಡಾ 3.5 ಮಾತ್ರ ಇತ್ತು. ಅಷ್ಟು ತಂಪಿನಲ್ಲಿ ಅಂತಹ ಉಕ್ಕು ಗಾಜಿನಂತೆ ಪೆಡಸಾಗಿಬಿಡುತ್ತದೆ. ಈಗ ಬಳಸುವ ತೊಟ್ಟಿಗಳ ಒಳಗೋಡೆಗೆ ಶೇಕಡಾ 9ರಷ್ಟು ನಿಕಲ್ ಇರುವ ಉಕ್ಕನ್ನು ಬಳಸುವುದು, ಎರಡು ಗೋಡೆಗಳ ನಡುವೆ ಶಾಖನಿರೋಧಕ ತುಂಬುವುದು, ಹೊರಗೆ ಕಾಂಕ್ರೀಟಿನ ಕವಚ ಕಟ್ಟುವುದು ವಾಡಿಕೆ. ಇಂಜಿನಿಯರಿಂಗಿನ ಇಂತಹ ನಿಯಮಗಳ ಹಿಂದೆ ಎಷ್ಟೋ ಮಂದಿಯ ಸಾವಿದೆ. ಪಠ್ಯಪುಸ್ತಕ ಅದನ್ನು ಹೇಳುವುದಿಲ್ಲ.

1959ರ ಜನವರಿಯಲ್ಲಿ ‘ಮೀಥೇನ್ ಪಯೋನೀರ್’ ಎಂಬ ಹಡಗು ಅಮೆರಿಕದ ಲೂಸಿಯಾನದಿಂದ ಹೊರಟು ಇಂಗ್ಲೆಂಡಿನ ಕ್ಯಾನ್‌ವೇ ದ್ವೀಪವನ್ನು ಸುರಕ್ಷಿತವಾಗಿ ತಲುಪಿತು. ಐದು ವರ್ಷಗಳ ನಂತರ, 1964ರಲ್ಲಿ ಅಲ್ಜೀರಿಯದಿಂದ ಇಂಗ್ಲೆಂಡಿಗೆ ನಿಯಮಿತ ವ್ಯಾಪಾರ ಆರಂಭವಾಯಿತು. 1969ರಲ್ಲಿ ಅಲಾಸ್ಕಾದ ಅನಿಲ ಜಪಾನಿಗೆ ಬಂತು. ಎಣ್ಣೆ, ಕಲ್ಲಿದ್ದಲುಗಳ ಹೊಗೆಯಿಂದ ಟೋಕಿಯೋ ಕೊಲ್ಲಿಯ ಜನ ಉಸಿರಾಡಲು ಕಷ್ಟಪಡುತ್ತಿದ್ದ ಕಾಲ ಅದು. ದುಬಾರಿಯಾದರೂ ಹೊಗೆಯಿಲ್ಲದ ಇಂಧನ ಬೇಕೆಂದು ಜಪಾನ್ ನಿರ್ಧರಿಸಿತು. ಇದೇ ಹೊತ್ತಿಗೆ, 1971ರಲ್ಲಿ, ಕತಾರಿನ ಸಮುದ್ರದಲ್ಲಿ ಎಣ್ಣೆ ಹುಡುಕುತ್ತಿದ್ದವರಿಗೆ ಬರಿಯ ಅನಿಲ ಸಿಕ್ಕಿ ನಿರಾಶೆಯಾಯಿತು. ಜಗತ್ತಿನ ಅತಿ ದೊಡ್ಡ ಅನಿಲ ನಿಕ್ಷೇಪ ಅದೇ ಎಂಬುದು ಗೊತ್ತಾದದ್ದು ನಿಧಾನವಾಗಿ. ಅದನ್ನು ದ್ರವವಾಗಿಸಿ ಮಾರಲು ಕತಾರಿಗೆ 1990ರ ದಶಕದ ಕೊನೆಯ ಭಾಗವೇ ಬರಬೇಕಾಯಿತು.

ಭಾರತ ಈ ವ್ಯಾಪಾರಕ್ಕೆ ಇಳಿದದ್ದು ತಡವಾಗಿ. 1998ರಲ್ಲಿ ಪೆಟ್ರೋನೆಟ್ ಎಲ್.ಎನ್.ಜಿ. ಸಂಸ್ಥೆ ಸ್ಥಾಪನೆಯಾಯಿತು. ಮರುವರ್ಷ ಕತಾರಿನೊಡನೆ ವರ್ಷಕ್ಕೆ 75 ಲಕ್ಷ ಟನ್ನಿನಂತೆ 25 ವರ್ಷಗಳ ಒಪ್ಪಂದವಾಯಿತು. 2004ರ ಜನವರಿಯಲ್ಲಿ ಮೊದಲ ಹಡಗು ಗುಜರಾತಿನ ದಹೇಜ್‌ಗೆ ಬಂತು. ಇದು ಸರಳವಾಗಿ ನಡೆದ ಕೆಲಸ. ನಮ್ಮ ಕರ್ನಾಟಕಕ್ಕೆ ಅನಿಲ ಬಂದ ದಾರಿ ಅಷ್ಟು ಸರಳವಲ್ಲ.

ಆ ದಾರಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ದಾಭೋಲ್‌ನಿಂದ ಆರಂಭವಾಗುತ್ತದೆ. 1992ರಲ್ಲಿ ಅಮೆರಿಕದ ಎನ್ರಾನ್ ಕಂಪನಿ ಅಲ್ಲಿ ವಿದ್ಯುತ್ ಸ್ಥಾವರ ಕಟ್ಟಲು ಮುಂದೆ ಬಂತು. ಆಮದು ಮಾಡಿದ ದ್ರವ ಅನಿಲದಿಂದ ವಿದ್ಯುತ್ ತಯಾರಿಸುವುದು ಅದರ ಯೋಜನೆ. 1995ರಲ್ಲಿ ರಾಜ್ಯದಲ್ಲಿ ಸರ್ಕಾರ ಬದಲಾದಾಗ ಒಪ್ಪಂದ ರದ್ದಾಯಿತು, ಮತ್ತೆ ಹೊಸ ಷರತ್ತುಗಳೊಡನೆ ಕುದುರಿತು. 1999ರಲ್ಲಿ 740 ಮೆಗಾವಾಟ್‌ನ ಮೊದಲ ಹಂತ ನಡೆಯತೊಡಗಿದಾಗ ಅನಿಲವೇ ಇರಲಿಲ್ಲ, ನಾಫ್ತಾ ಉರಿಸಬೇಕಾಯಿತು. ಆ ದುಬಾರಿ ವಿದ್ಯುತ್ತನ್ನು ಕೊಳ್ಳಲಾಗದೆ ಮಹಾರಾಷ್ಟ್ರ ವಿದ್ಯುತ್ ಮಂಡಳಿ 2001ರಲ್ಲಿ ಕೈಚೆಲ್ಲಿತು. ಅದೇ ವರ್ಷದ ಡಿಸೆಂಬರಿನಲ್ಲಿ ಎನ್ರಾನ್ ಕಂಪನಿಯೇ ದಿವಾಳಿಯೆದ್ದಿತು. ಅರ್ಧಕ್ಕೆ ನಿಂತಿದ್ದ ಅನಿಲ ಬಂದರನ್ನು ಸಾರ್ವಜನಿಕ ಉದ್ಯಮಗಳು ವಹಿಸಿಕೊಂಡು ಮುಗಿಸಿ, ಅದು ಚಾಲನೆಗೆ ಬಂದದ್ದು 2013ರಲ್ಲಿ. ಆಗಲೂ ಅಲೆತಡೆಗೋಡೆ ಪೂರ್ಣವಾಗಿರದ ಕಾರಣ ಹಲವು ವರ್ಷ ಮಳೆಗಾಲದಲ್ಲಿ ಹಡಗು ಬರುವಂತಿರಲಿಲ್ಲ.

ಅದೇ 2013ರಲ್ಲಿ ದಾಭೋಲ್‌ನಿಂದ ಬೆಂಗಳೂರಿಗೆ ಸುಮಾರು 1,000 ಕಿಲೋಮೀಟರಿನ ಕೊಳವೆ ಮಾರ್ಗ ಸಿದ್ಧವಾಯಿತು. ಬೆಳಗಾವಿ, ಧಾರವಾಡ, ದಾವಣಗೆರೆ, ಚಿತ್ರದುರ್ಗ, ತುಮಕೂರು ಸೀಮೆಗಳನ್ನು ಹಾದು ಅದು ರಾಜಧಾನಿಯನ್ನು ತಲುಪಿತು. ಮೊದಲು ಕಾರ್ಖಾನೆಗಳಿಗೆ, ಅನಂತರ ನಗರದ ಬಡಾವಣೆಗಳ ಅಡಿಗೆಮನೆಗಳಿಗೆ ಕೊಳವೆ ಅನಿಲ ಹರಿಯಿತು. ಯಲಹಂಕದಲ್ಲಿ ಹಿಂದೆ ಡೀಸೆಲ್ ವಿದ್ಯುತ್ ಕೇಂದ್ರವಿದ್ದ ಕಡೆ 370 ಮೆಗಾವಾಟ್‌ನ ಅನಿಲ ವಿದ್ಯುತ್ ಸ್ಥಾವರ ಕಟ್ಟಲಾಯಿತು. 2020ರ ಅಕ್ಟೋಬರಿನಲ್ಲಿ ಅಲ್ಲಿ ಬೆಂಕಿ ಅನಾಹುತವಾಗಿ ಕೆಲಸಗಾರರು ಗಾಯಗೊಂಡರು. ಸ್ಥಾವರ ವಿಧ್ಯುಕ್ತವಾಗಿ ಉದ್ಘಾಟನೆಯಾದದ್ದು 2024ರಲ್ಲಿ. ಬಿಡದಿಯಲ್ಲಿ ಇದಕ್ಕಿಂತ ಬಹಳ ದೊಡ್ಡ ಅನಿಲ ಸ್ಥಾವರದ ಯೋಜನೆಯಿತ್ತು. ಅದು ಕಾಗದದಿಂದ ಮೇಲೇಳಲಿಲ್ಲ. ಶಿವನಸಮುದ್ರದ ತಂತಿಯಂತೆಯೇ ಈ ಕೊಳವೆಯೂ ಮೊದಲು ಹುಡುಕಿಕೊಂಡು ಹೋದದ್ದು ಕಾರ್ಖಾನೆಯನ್ನು, ರಾಜಧಾನಿಯನ್ನು.

ಎರಡನೆಯ ದಾರಿ ದಕ್ಷಿಣದ್ದು. ಕೊಚ್ಚಿಯಲ್ಲಿ ವರ್ಷಕ್ಕೆ 50 ಲಕ್ಷ ಟನ್ ಸಾಮರ್ಥ್ಯದ ಅನಿಲ ಬಂದರು 2013ರಲ್ಲಿಯೇ ಸಿದ್ಧವಾಯಿತು. ಅದರ ಅನಿಲ ಎರಡು ಕವಲಾಗಿ ಹರಿಯಬೇಕಿತ್ತು: ಒಂದು ಮಲಬಾರು ಕರಾವಳಿಯ ಗುಂಟ ಮಂಗಳೂರಿಗೆ, ಇನ್ನೊಂದು ಪಾಲಕ್ಕಾಡಿನ ಕಣಿವೆ ದಾಟಿ ಕೊಯಮತ್ತೂರು, ತಿರುಪ್ಪೂರು, ಈರೋಡು, ನಾಮಕ್ಕಲ್, ಸೇಲಂ, ಧರ್ಮಪುರಿ, ಕೃಷ್ಣಗಿರಿಗಳ ಮೂಲಕ ಬೆಂಗಳೂರಿಗೆ. ಭೂಪಟದಲ್ಲಿ ಈರೋಡು, ಸೇಲಂ ಜಿಲ್ಲೆಗಳ ಮೇಲ್ಭಾಗಕ್ಕೆ ಕಣ್ಣು ಹಾಯಿಸಿ. ಪಾಲಾರ್ ಹಳ್ಳದ ಈಚೆಗೆ ಮಲೆಮಹದೇಶ್ವರ ಬೆಟ್ಟ, ಅದರ ಬುಡದಲ್ಲಿ ಕೌದಳ್ಳಿಯ ಸೀಮೆ. ಕೊಳ್ಳೇಗಾಲ ಹಿಂದೆ ಸೇರಿದ್ದ ಜಿಲ್ಲೆಯ ನೆಲದ ಮೇಲೆಯೇ ಈ ಕೊಳವೆಯ ಗೆರೆ ಎಳೆಯಲಾಗಿತ್ತು.

ಆ ಏಳು ಜಿಲ್ಲೆಗಳ ರೈತರು ಎದ್ದು ನಿಂತರು. ಅವರ ವಾದವನ್ನು ಸರಿಯಾಗಿ ತಿಳಿದುಕೊಳ್ಳಬೇಕಾದರೆ ಕಾನೂನನ್ನು ನೋಡಬೇಕು. ಕೊಳವೆ ಮಾರ್ಗಗಳಿಗೆ ಅನ್ವಯಿಸುವುದು 1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆ ಮಾರ್ಗಗಳ ಕಾಯಿದೆ. ಅದರ ಪ್ರಕಾರ ಸರ್ಕಾರ ಜಮೀನನ್ನು ಕೊಳ್ಳುವುದಿಲ್ಲ, ನೆಲದಡಿಯ ಬಳಕೆಯ ಹಕ್ಕನ್ನು ಮಾತ್ರ ಪಡೆಯುತ್ತದೆ. ಪಹಣಿಯಲ್ಲಿ ಹೆಸರು ರೈತನದೇ ಇರುತ್ತದೆ. ಆದರೆ ಆ ಪಟ್ಟಿಯಲ್ಲಿ ಅವನು ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಬೆಳೆ ನಷ್ಟಕ್ಕೆ ಕೊಡುವುದನ್ನು ಬಿಟ್ಟರೆ ಈ ಹಕ್ಕಿಗಾಗಿ ಕಾಯಿದೆ ಗೊತ್ತುಮಾಡಿದ ಪರಿಹಾರ ಜಮೀನಿನ ಬೆಲೆಯ ಶೇಕಡಾ ಹತ್ತು. ದೊಡ್ಡ ಹಿಡುವಳಿದಾರನಿಗೆ ಇದು ಸಹ್ಯವಾಗಬಹುದು. ಎರಡು ಎಕರೆಯ ತೆಂಗಿನ ತೋಟದ ನಡುವೆಯೇ ಕೊಳವೆ ಹಾದುಹೋದರೆ ಆ ರೈತನಿಗೆ ಉಳಿಯುವುದೇನು? ಹೆದ್ದಾರಿಯ ಪಕ್ಕದಲ್ಲಿ ಕೊಳವೆ ಹಾಕಿ ಎಂದು ಅವರು ಕೇಳಿದರು. 2013ರಲ್ಲಿ ತಮಿಳುನಾಡು ಸರ್ಕಾರವೂ ಅದೇ ಮಾತು ಹೇಳಿತು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2016ರ ಫೆಬ್ರವರಿಯಲ್ಲಿ ತೀರ್ಪು ಕೊಳವೆಯ ಪರವಾಗಿ ಬಂತು. ಆದರೂ ಕೆಲಸ ಸಲೀಸಾಗಿ ಸಾಗಲಿಲ್ಲ.

ರೈತರ ಭಯ ಆಧಾರವಿಲ್ಲದ್ದಾಗಿರಲಿಲ್ಲ. 2014ರ ಜೂನ್ 27ರಂದು ಆಂಧ್ರಪ್ರದೇಶದ ಪೂರ್ವ ಗೋದಾವರಿ ಜಿಲ್ಲೆಯ ನಗರಂ ಎಂಬ ಹಳ್ಳಿಯಲ್ಲಿ ಅನಿಲ ಕೊಳವೆ ಸ್ಫೋಟಿಸಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸುಟ್ಟು ಸತ್ತರು. ಈ ಸುದ್ದಿ ಓದಿದ ರೈತನನ್ನು ‘ಅಭಿವೃದ್ಧಿ ವಿರೋಧಿ’ ಎಂದು ಕರೆದುಬಿಡುವುದು ಸುಲಭ, ನ್ಯಾಯವಲ್ಲ. 1962ರ ಕಾಯಿದೆಯ ಆ ಶೇಕಡಾ ಹತ್ತರ ಲೆಕ್ಕವನ್ನು ಬಹಳ ಹಿಂದೆಯೇ ಬದಲಿಸಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಮಂಗಳೂರಿನ ಕವಲಿನಲ್ಲಿಯೂ ಮಲಪ್ಪುರಂ, ಕೋಳಿಕ್ಕೋಡು ಭಾಗಗಳಲ್ಲಿ ವಿರೋಧವಿತ್ತು. ಕಾಸರಗೋಡಿನ ಚಂದ್ರಗಿರಿ ಹೊಳೆಯ ತಳದಲ್ಲಿ ಕೊಳವೆ ತೂರಿಸುವ ಕೆಲಸ ಕೊನೆಯವರೆಗೂ ಸತಾಯಿಸಿತು. ಅಂತೂ 450 ಕಿಲೋಮೀಟರಿನ ಕೊಚ್ಚಿ–ಮಂಗಳೂರು ಮಾರ್ಗ 2021ರ ಜನವರಿ 5ರಂದು ಉದ್ಘಾಟನೆಯಾಯಿತು. ಅಷ್ಟು ವರ್ಷವೂ ಕೊಚ್ಚಿಯ ಬಂದರು ತನ್ನ ಸಾಮರ್ಥ್ಯದ ಅತ್ಯಲ್ಪ ಭಾಗವನ್ನಷ್ಟೇ ಬಳಸಿಕೊಂಡು ಕುಳಿತಿತ್ತು. ನಲ್ಲಿಯಿಲ್ಲದ ಊರಿನಲ್ಲಿ ಮೇಲ್ತೊಟ್ಟಿ ಕಟ್ಟಿದಂತಾಗಿತ್ತು ಅದರ ಸ್ಥಿತಿ.

ಮಂಗಳೂರಿಗೆ ಬಂದ ಅನಿಲದಿಂದ ಕೌದಳ್ಳಿಗೆ ಏನಾಯಿತು ಎಂದು ನೀವು ಕೇಳಬಹುದು. ಇಲ್ಲೇ ಒಂದು ಕುತೂಹಲದ ಸಂಗತಿ ಇದೆ. ಪಣಂಬೂರಿನಲ್ಲಿರುವ ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಕಾರ್ಖಾನೆ ಅದುವರೆಗೆ ನಾಫ್ತಾದಿಂದ ಯೂರಿಯಾ ತಯಾರಿಸುತ್ತಿತ್ತು. ಕೊಳವೆ ಬಂದ ಮೇಲೆ ಅದು ನೈಸರ್ಗಿಕ ಅನಿಲಕ್ಕೆ ತಿರುಗಿತು. ಮೀಥೇನನ್ನು ಹಬೆಯೊಡನೆ ಬೆರೆಸಿ ಕಾಯಿಸಿದರೆ ಜಲಜನಕ ದೊರೆಯುತ್ತದೆ. ಅದನ್ನು ಗಾಳಿಯ ಸಾರಜನಕದೊಡನೆ ಕೂಡಿಸಿದರೆ ಅಮೋನಿಯ. ಜರ್ಮನಿಯ ಹೇಬರ್ ಮತ್ತು ಬಾಷ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಂಡುಕೊಂಡ ವಿಧಾನ ಇದು. ಅಮೋನಿಯಕ್ಕೆ ಇಂಗಾಲದ ಡೈ ಆಕ್ಸೈಡ್ ಸೇರಿದರೆ ಯೂರಿಯಾ. ಅಂದರೆ ಮಳೆ ಬಿದ್ದ ಮೇಲೆ ರೈತ ಮುಸುಕಿನ ಜೋಳದ ಸಾಲಿಗೆ ಚೆಲ್ಲುವ ಬಿಳಿಯ ಹರಳು ಅನಿಲದ್ದೇ ಇನ್ನೊಂದು ರೂಪ. ನಮ್ಮ ದೇಶದಲ್ಲಿ ನೈಸರ್ಗಿಕ ಅನಿಲವನ್ನು ಅತಿ ಹೆಚ್ಚು ಬಳಸುವುದು ಮನೆಯ ಒಲೆಯಲ್ಲ, ವಿದ್ಯುತ್ ಸ್ಥಾವರವೂ ಅಲ್ಲ, ರಸಗೊಬ್ಬರ ಕಾರ್ಖಾನೆ. ಕೊಳವೆಯೇ ತಲುಪದ ಊರಿನ ಹೊಲಕ್ಕೂ ಕತಾರಿನ ಅನಿಲ 45 ಕಿಲೋಗ್ರಾಂ ಚೀಲದಲ್ಲಿ ಬಂದು ಸೇರುತ್ತದೆ.

ಹೀಗೆ ಬರುವಾಗ ಜಗತ್ತಿನ ಜಗಳಗಳೂ ಜೊತೆಗೆ ಬರುತ್ತವೆ. ಕತಾರಿನಿಂದ ಹೊರಡುವ ಹಡಗು ಅರಬ್ಬೀ ಸಮುದ್ರ ಸೇರಬೇಕಾದರೆ ಹಾರ್ಮುಜ್ ಎಂಬ ಕಿರಿದಾದ ಜಲಸಂಧಿಯನ್ನು ದಾಟಲೇಬೇಕು. ಬೆಲೆಯ ಏರಿಳಿತವೂ ಅಷ್ಟೇ ಭಯಂಕರ. ಏಷ್ಯಾದ ಮುಕ್ತ ಮಾರುಕಟ್ಟೆಯಲ್ಲಿ 2020ರ ಏಪ್ರಿಲಿನಲ್ಲಿ ಹತ್ತು ಲಕ್ಷ ಬ್ರಿಟಿಷ್ ಉಷ್ಣಮಾನಕ್ಕೆ 2 ಡಾಲರಿಗಿಂತ ಕಡಿಮೆಯಿದ್ದ ಬೆಲೆ, ರಷ್ಯಾ–ಉಕ್ರೇನ್ ಯುದ್ಧ ಆರಂಭವಾದ ಮೇಲೆ 2022ರ ಮಾರ್ಚಿನಲ್ಲಿ 80 ಡಾಲರನ್ನು ದಾಟಿತು. ಅದೇ ವರ್ಷ ರಷ್ಯಾದ ಸಂಸ್ಥೆಯೊಂದರ ಮೂಲಕ ಒಪ್ಪಂದದಂತೆ ಬರಬೇಕಿದ್ದ ಹಡಗುಗಳು ಬಾರದೆ, ನಮ್ಮ ಕಾರ್ಖಾನೆಗಳಿಗೆ ಅನಿಲವನ್ನು ಪಡಿತರದಂತೆ ಹಂಚಬೇಕಾಯಿತು. ಯೂರಿಯಾ ಚೀಲದ ಬೆಲೆ ಏರಲಿಲ್ಲ, ಏಕೆಂದರೆ ಅದನ್ನು ನಿಗದಿ ಮಾಡುವುದು ಸರ್ಕಾರ. ಏರಿದ ಹೊರೆಯನ್ನು ಬೊಕ್ಕಸ ಹೊತ್ತಿತು: 2022–23ರಲ್ಲಿ ಕೇಂದ್ರದ ರಸಗೊಬ್ಬರ ಸಹಾಯಧನ ಎರಡೂವರೆ ಲಕ್ಷ ಕೋಟಿ ರೂಪಾಯಿಗಳ ಮಟ್ಟ ಮುಟ್ಟಿತು. ಇಂತಹ ಆಘಾತಗಳಿಂದ ತಪ್ಪಿಸಿಕೊಳ್ಳಲೆಂದೇ ದೀರ್ಘಾವಧಿ ಒಪ್ಪಂದಗಳು. ಕತಾರಿನೊಡನೆ 1999ರಲ್ಲಿ ಮಾಡಿಕೊಂಡ ಒಪ್ಪಂದವನ್ನು 2024ರ ಫೆಬ್ರವರಿಯಲ್ಲಿ 2048ರವರೆಗೆ ವಿಸ್ತರಿಸಲಾಯಿತು. ಇಂದು ಶಾಲೆಯಲ್ಲಿರುವ ಮಗು ನಡುವಯಸ್ಸಿಗೆ ಬರುವವರೆಗೂ ಅದು ನಡೆಯುತ್ತದೆ.

ನೈಸರ್ಗಿಕ ಅನಿಲ ಶುದ್ಧ ಇಂಧನ ಎಂಬ ಮಾತಿದೆ. ಕಲ್ಲಿದ್ದಲಿನೊಡನೆ ಹೋಲಿಸಿದರೆ ಅಷ್ಟೇ ವಿದ್ಯುತ್ತಿಗೆ ಅದು ಹೊರಬಿಡುವ ಇಂಗಾಲದ ಡೈ ಆಕ್ಸೈಡ್ ಸುಮಾರು ಅರ್ಧ, ಬೂದಿಯಿಲ್ಲ, ಮಸಿಯಿಲ್ಲ. ಆದರೆ ಉರಿಯದೆ ಸೋರಿಹೋದ ಮೀಥೇನ್ ಭೂಮಿಯನ್ನು ಕಾಯಿಸುವುದರಲ್ಲಿ ಇಪ್ಪತ್ತು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ ಎಂಬತ್ತು ಪಟ್ಟು ಪ್ರಬಲ. ಬಾವಿಯಿಂದ ಬರ್ನರಿನವರೆಗೆ ಎಲ್ಲಿಯೂ ಸೋರದಂತೆ ನೋಡಿಕೊಂಡರೆ ಮಾತ್ರ ಶುದ್ಧ ಎಂಬ ಮಾತಿಗೆ ಅರ್ಥ.

ಇನ್ನು ಒಲೆಯ ವಿಷಯ. ಸೌದೆಯನ್ನು ಉಳಿಸುವ ಪ್ರಯತ್ನಗಳು ನಮ್ಮಲ್ಲೇ ಸಾಕಷ್ಟು ನಡೆದಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿ ಅವರು ಆರಂಭಿಸಿದ ‘ಅಸ್ತ್ರ’ ಕೇಂದ್ರದಿಂದ ಕಡಿಮೆ ಸೌದೆ ಬೇಡುವ ಅಸ್ತ್ರ ಒಲೆ ಬಂತು. ಅದೇ ಕೇಂದ್ರದವರು ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಸಗಣಿ ಅನಿಲದಿಂದ ದೀಪ ಹಚ್ಚಿ, ನೀರೆತ್ತಿ ತೋರಿಸಿದರು. ಆ ಅನಿಲವೂ ಮೀಥೇನೇ ಎಂಬುದನ್ನು ಗಮನಿಸಬೇಕು. ಅದಕ್ಕೆ ಹಡಗೂ ಬೇಡ, 162 ಡಿಗ್ರಿಯ ತಂಪೂ ಬೇಡ. ಅಂತಹ ಪ್ರಯೋಗಗಳು ಊರೂರಿಗೆ ಹರಡದೆ ಹೋದದ್ದು ನಮ್ಮ ಇಂಧನ ಚರಿತ್ರೆಯ ಬೇಸರದ ಅಧ್ಯಾಯ.

ಕಾಡಂಚಿನ ಹಳ್ಳಿಗಳನ್ನು ಕೊನೆಗೂ ತಲುಪಿದ್ದು ಸಿಲಿಂಡರು. ಕಾವೇರಿ ವನ್ಯಜೀವಿಧಾಮ 1987ರಲ್ಲಿ, ಮಲೆಮಹದೇಶ್ವರ ವನ್ಯಜೀವಿಧಾಮ 2013ರಲ್ಲಿ ಘೋಷಣೆಯಾದ ಮೇಲೆ ಸೌದೆಗೆ ಹೋಗುವುದು ಇನ್ನಷ್ಟು ಕಠಿಣವಾಯಿತು. ಆನೆಯ ಭಯ ಮೊದಲಿನಿಂದಲೂ ಇದ್ದದ್ದೇ. ಬಂಡೀಪುರದ ಅಂಚಿನಲ್ಲಿ ‘ನಮ್ಮ ಸಂಘ’, ಮಲೆಮಹದೇಶ್ವರ ಮತ್ತು ಕಾವೇರಿ ಕಾಡುಗಳ ಅಂಚಿನಲ್ಲಿ ‘ಹೊಳೆಮತ್ತಿ’ ಪ್ರತಿಷ್ಠಾನದಂತಹ ಸಂಸ್ಥೆಗಳು ಮನೆಮನೆಗೆ ಎಲ್.ಪಿ.ಜಿ. ಒಲೆ ಕೊಡಿಸುವ ಕೆಲಸ ಮಾಡಿದವು. 2016ರ ಮೇ 1ರಂದು ಕೇಂದ್ರದ ಉಜ್ವಲ ಯೋಜನೆ ಆರಂಭವಾಯಿತು. 2019ರಲ್ಲಿ ಮೈಸೂರು, ಮಂಡ್ಯ, ಚಾಮರಾಜನಗರ ಜಿಲ್ಲೆಗಳನ್ನು ಒಂದು ವಲಯವಾಗಿ ಸೇರಿಸಿ ಕೊಳವೆ ಅನಿಲ ವಿತರಣೆಗೂ ಪರವಾನಗಿ ಕೊಡಲಾಯಿತು. ಇಂತಹ ವಲಯಗಳಲ್ಲಿ ಕೊಳವೆ ಬರುವ ಮೊದಲು ದ್ರವ ಅನಿಲವನ್ನೇ ಟ್ಯಾಂಕರ್ ಲಾರಿಗಳಲ್ಲಿ ತಂದು, ಸ್ಥಳದಲ್ಲಿ ಮತ್ತೆ ಅನಿಲವಾಗಿಸಿ ಹಂಚುವುದು ಒಂದು ಉಪಾಯ. ಅದು ಸಹಜವಾಗಿ ಪಟ್ಟಣಗಳಿಗೇ ಮೊದಲು.

ಕಾಡಂಚಿನ ಇಂತಹ ಹಳ್ಳಿಗಳ ಅನೇಕ ಮನೆಗಳಲ್ಲಿ ಈಗ ಎರಡು ಒಲೆಗಳಿರುತ್ತವೆ. ಬೆಳಗಿನ ಕಾಫಿಗೆ, ನೆಂಟರು ಬಂದಾಗ, ಮಗು ಶಾಲೆಗೆ ಹೊರಡುವ ಅವಸರದಲ್ಲಿ ಗ್ಯಾಸ್ ಒಲೆ. ಮುದ್ದೆಗೆ, ಹಂಡೆಯ ನೀರಿಗೆ ಸೌದೆಯ ಒಲೆ. ಸಿಲಿಂಡರು ಮುಗಿದು, ಇನ್ನೊಂದಕ್ಕೆ ದುಡ್ಡು ಹೊಂದುವವರೆಗೆ ಎಲ್ಲಕ್ಕೂ ಸೌದೆಯ ಒಲೆಯೇ. ಆ ದಿನಗಳಲ್ಲಿ ಸಿಂಬಿ ಮತ್ತೆ ತಲೆಗೇರುತ್ತದೆ.